ಕ್ಲೈಂಟ್ ವೆಬ್‌ಸೈಟ್ ನೀವೇ ಹೋಸ್ಟ್ ಮಾಡಬೇಕೆ? ಮಾಡುವುದಾದರೆ ಹೀಗೆ ಮಾಡಿ

ತಿಪಟೂರಿನ ಕೊಬ್ಬರಿ ಮಂಡಿಯಾಗಲಿ, ಶಿಡ್ಲಘಟ್ಟದ ರೇಷ್ಮೆ ವ್ಯಾಪಾರಿಯಾಗಲಿ, ನಂದಿ ಬೆಟ್ಟದ ಕೆಳಗಿನ ಹೋಂಸ್ಟೇಯಾಗಲಿ, ನೀವು ಮಾಡಿಕೊಡುವ ವೆಬ್‌ಸೈಟ್ ಮುಗಿದ ದಿನ ಮಾಲೀಕರು ಹೇಳುವ ಮಾತು ಒಂದೇ: “ಸರ್, ಸರ್ವರ್ ಗಿರ್ವರ್ ನಮಗೆ ಗೊತ್ತಾಗಲ್ಲ, ಎಲ್ಲಾ ನೀವೇ ನೋಡ್ಕೊಳ್ಳಿ.” ಹೂಂ ಅನ್ನುವ ಮೊದಲು ಆ ‘ಎಲ್ಲಾ’ ಅನ್ನುವುದನ್ನು ಮೂರು ಪಾಲು ಮಾಡಿ. ಡೊಮೇನ್, ಅಂದರೆ ಸೈಟ್‌ನ ವಿಳಾಸ, ನಿಮ್ಮ ಹೆಸರಿನಲ್ಲಿ ಇರಕೂಡದು. ಇಮೇಲ್ ನಿಮ್ಮ ಸರ್ವರ್‌ನಲ್ಲಿ ಇರಕೂಡದು. ಹೋಸ್ಟಿಂಗ್, ಅಂದರೆ ಸೈಟನ್ನು ಸರ್ವರ್‌ನಲ್ಲಿಟ್ಟು ನಡೆಸುವುದು, ಅದೊಂದನ್ನು ವಹಿಸಿಕೊಳ್ಳಬಹುದು, ಅದೂ ವರ್ಷದ ನಿರ್ವಹಣೆಯ ದುಡ್ಡನ್ನು ಮುಂಗಡ ಕೊಡುವವರಿಗೆ ಮಾತ್ರ.

ಯಾಕೆ ಅಂತ ಲೆಕ್ಕ ಹಾಕಿ ನೋಡಿ. ಒಂದು ವಿಪಿಎಸ್‌ಗೆ (ಬಾಡಿಗೆಗೆ ಸಿಗುವ ವರ್ಚುವಲ್ ಸರ್ವರ್) ತಿಂಗಳಿಗೆ 1,500 ರೂಪಾಯಿ, ಬೇರೆ ಕಡೆ ಬ್ಯಾಕಪ್ ಇಡಲು 500 ಅಂತಿಟ್ಟುಕೊಂಡರೆ ವರ್ಷಕ್ಕೆ 24,000. ಹನ್ನೆರಡು ಸೈಟ್‌ಗಳಿಂದ ತಲಾ 2,000 ತೆಗೆದುಕೊಂಡರೆ ಹಾಕಿದ ದುಡ್ಡು ಹುಟ್ಟಿತು, ಅಷ್ಟೆ. ಆದರೆ ಪ್ಲಗಿನ್ (ಸೈಟಿಗೆ ಸೇರಿಸುವ ಹೆಚ್ಚುವರಿ ಸಾಫ್ಟ್‌ವೇರ್) ಅಪ್‌ಡೇಟ್ ಮಾಡುವುದು, ಬ್ಯಾಕಪ್ ನೋಡುವುದು, ಎನ್‌ಕ್ವೈರಿ ಫಾರಂ ತುಂಬಿ ಮೇಲ್ ಬರುತ್ತಿದೆಯೇ ಎಂದು ಪರೀಕ್ಷಿಸುವುದು ಸೇರಿ ಒಂದೊಂದು ಸೈಟಿಗೂ ತಿಂಗಳಿಗೆ ಒಂದು ಗಂಟೆ ಬೇಕು. ವರ್ಷಕ್ಕೆ 144 ಗಂಟೆ ಬಿಟ್ಟಿ ಚಾಕರಿಯಾಯಿತು. ಅದೇ ತಲಾ 7,000 ಆದರೆ 84,000 ಬಂದು, ಖರ್ಚು ಕಳೆದು 60,000 ಉಳಿಯುತ್ತದೆ. ಗಂಟೆಗೆ ಸುಮಾರು 417 ರೂಪಾಯಿ. ಕಡಿಮೆಗೆ ಒಪ್ಪಿಕೊಂಡವರು ಅಪ್‌ಡೇಟ್ ಮುಂದೂಡುತ್ತಾರೆ, ಮುಂದೂಡಿದ ಆ ಪ್ಲಗಿನ್ ಮೂಲಕವೇ ಹ್ಯಾಕ್ ಆಗುತ್ತದೆ. ಅಷ್ಟು ಕೊಡಲಾಗದ ಸಣ್ಣ ಅಂಗಡಿಯವರಿಗೆ ಅವರ ಹೆಸರಿನಲ್ಲೇ ಶೇರ್ಡ್ ಹೋಸ್ಟಿಂಗ್ (ಹಲವರು ಹಂಚಿಕೊಳ್ಳುವ ಸರ್ವರ್‌ನಲ್ಲಿ ಜಾಗ) ಕೊಡಿಸಿ, ಲಾಗಿನ್ ಬರೆದುಕೊಟ್ಟು ಬನ್ನಿ. ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ವಾರ್ಷಿಕ ವಹಿವಾಟು 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕಾಗುತ್ತದೆ, ಬಿಲ್ಲಿಗೆ ಶೇ 18 ಸೇರುತ್ತದೆ, ಅದನ್ನೂ ಲೆಕ್ಕದಲ್ಲಿಡಿ.

ಡೊಮೇನ್ ಕೊಳ್ಳುವಾಗ ಮಾಲೀಕರ ಅಂಗಡಿಯಲ್ಲೇ ಕೂತು ಮಾಡಿ. ಅವರ ಇಮೇಲ್, ಅವರ ಮೊಬೈಲ್, ದುಡ್ಡೂ ಅವರದೇ. ಡಾಟ್ ಕಾಂ ಆದರೆ ನೋಂದಣಿಯ ನಂತರ ಬರುವ ಪರಿಶೀಲನೆ ಮೇಲ್‌ನ ಲಿಂಕನ್ನು 15 ದಿನದೊಳಗೆ ಒತ್ತದಿದ್ದರೆ ಡೊಮೇನ್ ಅಮಾನತಾಗಬಹುದು. ಎದ್ದು ಬರುವ ಮೊದಲೇ ಒತ್ತಿಸಿ. ಅವಧಿ ಮುಗಿಯುವ ದಿನ ಸೀಸನ್‌ನಲ್ಲಿ ಬೀಳದಂತೆಯೂ ನೋಡಿಕೊಳ್ಳಬೇಕು. ಶ್ರೀನಿವಾಸಪುರದ ಮಾವಿನ ವ್ಯಾಪಾರಿಯ ಡೊಮೇನ್ ಮೇ ತಿಂಗಳಲ್ಲಿ ಮುಗಿಯುತ್ತದೆ, ಎಚ್ಚರಿಕೆ ಮೇಲ್‌ಗಳು ನೀವು ತೆರೆಯದ ಹಳೆಯ ಜಿಮೇಲ್‌ಗೆ ಹೋಗುತ್ತಿವೆ ಅನ್ನಿ. ಕೆಲವೇ ದಿನದಲ್ಲಿ ಸೈಟೂ ಇಲ್ಲ, ಮೇಲೂ ಇಲ್ಲ. ಡಾಟ್ ಕಾಂಗೆ ಮಾಮೂಲಿ ದರದಲ್ಲಿ ನವೀಕರಿಸಲು ಹೆಚ್ಚೆಂದರೆ 45 ದಿನ ಸಿಗುತ್ತದೆ, ಅದೂ ರಿಜಿಸ್ಟ್ರಾರನ್ನು (ಡೊಮೇನ್ ಮಾರುವ ಕಂಪನಿ) ಅವಲಂಬಿಸಿರುತ್ತದೆ. ಆಮೇಲಿನ 30 ದಿನ ದುಬಾರಿ ದಂಡ ಕಟ್ಟಿ ಬಿಡಿಸಿಕೊಳ್ಳಬೇಕು, ಅದೂ ಕಳೆದು 5 ದಿನಕ್ಕೆ ಆ ಹೆಸರು ಯಾರ ಪಾಲಿಗಾದರೂ ಹೋಗಬಹುದು. ಮಾವು ಮುಗಿಯುವಷ್ಟರಲ್ಲಿ ಹೆಸರೂ ಹೋಗಿರುತ್ತದೆ. ಎರಡು ಮೂರು ವರ್ಷಕ್ಕೆ ಒಟ್ಟಿಗೆ ಕಟ್ಟಿಸುವುದೇ ಒಳ್ಳೆಯದು.

ಇಮೇಲ್ ವಿಷಯದಲ್ಲಿ ದಾಕ್ಷಿಣ್ಯ ಬೇಡ. ವಸಂತನರಸಾಪುರದ ಒಂದು ಸಣ್ಣ ಕಾರ್ಖಾನೆಯೂ ಒಂದು ಹೋಂಸ್ಟೇಯೂ ನಿಮ್ಮ ಒಂದೇ ಸರ್ವರ್‌ನಲ್ಲಿವೆ ಎಂದುಕೊಳ್ಳಿ. ಹೋಂಸ್ಟೇ ಸೈಟ್‌ನ ಹಳೆಯ ಪ್ಲಗಿನ್ ಮೂಲಕ ಯಾರೋ ನುಗ್ಗಿ ರಾತ್ರಿಯಿಡೀ ಸ್ಪ್ಯಾಮ್ ಕಳಿಸಿದರೆ ಬ್ಲಾಕ್‌ಲಿಸ್ಟ್‌ಗೆ ಬೀಳುವುದು ಸರ್ವರ್‌ನ ಐಪಿ, ಅಂದರೆ ಎರಡೂ ಸೈಟ್ ಹಂಚಿಕೊಂಡ ಅಂಕಿ ವಿಳಾಸ. ಬೆಳಿಗ್ಗೆ ಕಾರ್ಖಾನೆಯವರು ಕಳಿಸಿದ ಕೊಟೇಶನ್ ಸ್ಪ್ಯಾಮ್ ಫೋಲ್ಡರ್ ಸೇರುತ್ತದೆ, ಆರ್ಡರ್ ಕೈತಪ್ಪುತ್ತದೆ, ಅವರ ತಪ್ಪು ಏನೂ ಇಲ್ಲ. ಮೇಲ್‌ಬಾಕ್ಸ್‌ಗಳನ್ನು ಗೂಗಲ್ ವರ್ಕ್‌ಸ್ಪೇಸ್ ಅಥವಾ ಜೋಹೋದಂಥ ಕಡೆ ಕ್ಲೈಂಟ್ ಹೆಸರಿನಲ್ಲೇ ತೆರೆಸಿ. ಸೈಟ್‌ನ ಫಾರಂ ಮೇಲ್‌ಗಳನ್ನೂ ಎಸ್‌ಎಂಟಿಪಿ ಸೇವೆಯ (ಮೇಲ್ ಕಳಿಸಿಕೊಡುವ ಹೊರಗಿನ ಸೇವೆ) ಮೂಲಕ ಕಳಿಸಿ. ಡೊಮೇನ್‌ನ ಡಿಎನ್‌ಎಸ್‌ನಲ್ಲಿ (ಸೈಟ್, ಮೇಲ್ ಎಲ್ಲಿವೆ ಎಂದು ಹೇಳುವ ದಾಖಲೆಗಳ ಪಟ್ಟಿ) ಎಸ್‌ಪಿಎಫ್ ಮತ್ತು ಡಿಕಿಮ್ ಎರಡನ್ನೂ ಹಾಕಿ; ಮೇಲ್ ನಿಜವಾಗಿ ಆ ಡೊಮೇನ್‌ನದೇ ಎಂದು ತೋರಿಸುವ ದಾಖಲೆಗಳು ಇವು. ಎಸ್‌ಪಿಎಫ್ ದಾಖಲೆ ಒಂದು ಡೊಮೇನ್‌ಗೆ ಒಂದೇ ಇರಬೇಕು; ಮೊದಲಿನದಿದ್ದಾಗ ಇನ್ನೊಂದು ಸೇರಿಸಿದರೆ ಎರಡೂ ಕೆಡುತ್ತವೆ. ಇದ್ದ ಸಾಲಿನೊಳಗೇ ಹೊಸ ಸೇವೆಯನ್ನು ಸೇರಿಸಿ.

ಸರ್ವರ್‌ನಲ್ಲಿ ಸೈಟಿಗೊಂದು ಪ್ರತ್ಯೇಕ ಅಕೌಂಟ್ ಮಾಡಿ. ಸಿಪ್ಯಾನೆಲ್‌ನ (ಹೋಸ್ಟಿಂಗ್ ನೋಡಿಕೊಳ್ಳುವ ಸಾಫ್ಟ್‌ವೇರ್) ಒಂದೇ ಅಕೌಂಟ್‌ನಲ್ಲಿ ಹತ್ತು ಸೈಟ್‌ಗಳನ್ನು ಆ್ಯಡ್ಆನ್ ಡೊಮೇನ್ ಆಗಿ ತುರುಕಿದರೆ ಒಂದಕ್ಕೆ ಹತ್ತಿದ ಮಾಲ್‌ವೇರ್ ಹತ್ತಕ್ಕೂ ಹರಡುತ್ತದೆ, ಏಕೆಂದರೆ ಎಲ್ಲ ಫೈಲ್‌ಗಳೂ ಒಬ್ಬನೇ ಯೂಸರ್‌ಗೆ ಸೇರಿದವು. ಬ್ಯಾಕಪ್ ಅದೇ ಸರ್ವರ್‌ನಲ್ಲಿದ್ದರೆ ಅದು ಬ್ಯಾಕಪ್ ಅಲ್ಲ. ಡೇಟಾಬೇಸ್ ದಿನಕ್ಕೊಮ್ಮೆ, ಫೈಲ್‌ಗಳು ವಾರಕ್ಕೊಮ್ಮೆ, ಬೇರೆ ಕಂಪನಿಯ ಸ್ಟೋರೇಜ್‌ಗೆ ಹೋಗಲಿ, 30 ದಿನದ ಪ್ರತಿಗಳು ಉಳಿಯಲಿ. ಮೂರು ತಿಂಗಳಿಗೊಮ್ಮೆ ಒಂದು ಸೈಟನ್ನು ಖಾಲಿ ಜಾಗಕ್ಕೆ ರಿಸ್ಟೋರ್ ಮಾಡಿ ನೋಡಿ. ಅರ್ಧಕ್ಕೆ ನಿಂತ ಡೇಟಾಬೇಸ್ ಫೈಲ್ ಪತ್ತೆಯಾಗುವುದು ಆಗಲೇ. ಡಿಸ್ಕ್ ಶೇ 80 ತುಂಬಿದಾಗ ಮೆಸೇಜ್ ಬರುವಂತೆ ಮಾಡಿ. ಲಾಗ್ ಫೈಲ್‌ಗಳು ಡಿಸ್ಕ್ ತುಂಬಿದರೆ ಡೇಟಾಬೇಸ್ ಬರೆಯುವುದನ್ನು ನಿಲ್ಲಿಸುತ್ತದೆ, ಆಗ ಎಲ್ಲ ಸೈಟೂ ಒಟ್ಟಿಗೆ ಮಲಗುತ್ತವೆ. ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆ ಉಚಿತವಾಗಿ ಕೊಡುವ, ಸೈಟ್ ಸಂಪರ್ಕವನ್ನು ಸುರಕ್ಷಿತವಾಗಿಸುವ ಸರ್ಟಿಫಿಕೇಟ್ ತಾನಾಗಿ ನವೀಕರಣವಾಗುತ್ತದೆ ಎಂದು ನಂಬಿ ಕೂರಬೇಡಿ: ಡಿಎನ್‌ಎಸ್‌ನಲ್ಲಿ ಹಳೆಯ ಐಪಿವಿ6 (ಐಪಿಯ ಹೊಸ ಬಗೆ) ವಿಳಾಸ ಉಳಿದಿದ್ದರೂ ಸಾಕು, ನವೀಕರಣ ತಪ್ಪಬಹುದು. ಎಚ್ಚರಿಕೆ ಮೇಲ್ ಕಳಿಸುವುದನ್ನು ಅವರು 2025ರ ಜೂನ್‌ನಲ್ಲೇ ನಿಲ್ಲಿಸಿದ್ದಾರೆ, ಆದ್ದರಿಂದ ಅವಧಿ ಗಮನಿಸುವ ಮಾನಿಟರ್ ನೀವೇ ಇಟ್ಟುಕೊಳ್ಳಬೇಕು. ಹ್ಯಾಕ್ ಆದದ್ದು ಗೊತ್ತಾದರೆ ಮುಚ್ಚಿಡಬೇಡಿ. 2022ರ ಏಪ್ರಿಲ್‌ನ ಸರ್ಟ್-ಇನ್ (ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ) ನಿರ್ದೇಶನದ ಪ್ರಕಾರ ಇಂಥ ಘಟನೆಯನ್ನು 6 ಗಂಟೆಯೊಳಗೆ ಅವರಿಗೆ ವರದಿ ಮಾಡಬೇಕು, ಲಾಗ್‌ಗಳನ್ನು 180 ದಿನ ಇಡಬೇಕು.

ಒಪ್ಪಂದ ಒಂದು ಪುಟ ಸಾಕು, ಕನ್ನಡದಲ್ಲೇ ಬರೆಯಿರಿ. ವರ್ಷದ ಶುಲ್ಕ, ಫೋನ್ ಎತ್ತುವ ವೇಳೆ, ಬ್ಯಾಕಪ್ ಎಷ್ಟು ದಿನಕ್ಕೊಮ್ಮೆ, ಬಿಟ್ಟುಹೋಗುವಾಗ ಎಷ್ಟು ದಿನದಲ್ಲಿ ಫೈಲ್ ಕೊಡುತ್ತೀರಿ ಎಂಬುದೆಲ್ಲ ಅದರಲ್ಲಿರಲಿ. ಬಾಕಿ ಉಳಿದರೆ ಸೈಟ್ ನಿಲ್ಲಿಸುವ 30, 15, 7 ದಿನ ಮೊದಲು ವಾಟ್ಸ್ಆ್ಯಪ್‌ನಲ್ಲಿ ತಿಳಿಸಿ, ಆಮೇಲೆ ಸೈಟ್ ನಿಲ್ಲಿಸಿ, ಆದರೆ ಡೇಟಾವನ್ನು 60 ದಿನ ಅಳಿಸಬೇಡಿ. ದುಡ್ಡಿನ ಜಗಳಕ್ಕೆ ಡೊಮೇನ್ ಹಿಡಿದಿಟ್ಟುಕೊಂಡವರ ಹೆಸರು ತುಮಕೂರಿನಂಥ ಊರಲ್ಲಿ ಒಂದೇ ವಾರದಲ್ಲಿ ಕೆಡುತ್ತದೆ. ನೀವು ಆಸ್ಪತ್ರೆ ಸೇರಿದರೆ ಯಾರನ್ನು ಕೇಳಬೇಕು ಅನ್ನುವುದೂ ಅದರಲ್ಲಿರಬೇಕು. ನಂಬಿಕಸ್ಥ ಡೆವಲಪರ್ ಗೆಳೆಯರೊಬ್ಬರಿಗೆ ಸರ್ವರ್ ಪ್ರವೇಶ ಕೊಟ್ಟಿಡಿ.

ಕ್ಲೈಂಟ್ ಬೇರೆ ಕಡೆ ಹೋಗುತ್ತೇನೆ ಅಂದರೆ ಹಿಂದಿನ ದಿನವೇ ಡಿಎನ್‌ಎಸ್ ಟಿಟಿಎಲ್ ಅನ್ನು (ಹಳೆಯ ದಾಖಲೆಯನ್ನು ಬೇರೆ ಸರ್ವರ್‌ಗಳು ನೆನಪಿಟ್ಟುಕೊಳ್ಳುವ ಅವಧಿ) 300 ಸೆಕೆಂಡಿಗೆ ಇಳಿಸಿ, ಇರುವ ಎಲ್ಲ ದಾಖಲೆಗಳ ಸ್ಕ್ರೀನ್‌ಶಾಟ್ ತೆಗೆದಿಡಿ. ಸಾಧ್ಯವಾದರೆ ನೇಮ್‌ಸರ್ವರ್ (ಡಿಎನ್‌ಎಸ್ ದಾಖಲೆಗಳನ್ನು ಇಟ್ಟುಕೊಂಡಿರುವ ಸರ್ವರ್) ಮುಟ್ಟಬೇಡಿ, ಸೈಟ್‌ನ ಐಪಿ ಹೇಳುವ ಎ ದಾಖಲೆಯನ್ನು ಮಾತ್ರ ಹೊಸ ಐಪಿಗೆ ತಿರುಗಿಸಿ. ನೇಮ್‌ಸರ್ವರ್ ಬದಲಿಸಿ, ಮೇಲ್ ಎಲ್ಲಿಗೆ ಹೋಗಬೇಕೆಂದು ಹೇಳುವ ಎಂಎಕ್ಸ್ ದಾಖಲೆ ಮರೆತರೆ ಸೈಟ್ ಚೆನ್ನಾಗಿಯೇ ತೆರೆಯುತ್ತದೆ, ಮೇಲ್ ಮಾತ್ರ ಸದ್ದಿಲ್ಲದೆ ನಿಲ್ಲುತ್ತದೆ. ಬದಲಿಸಿದ ಮೇಲೆ ಫಾರಂ ತುಂಬಿ, ಹೊರಗಿನಿಂದ ಒಂದು ಮೇಲ್ ಕಳಿಸಿ, ಎರಡೂ ತಲುಪಿದ್ದನ್ನು ಮಾಲೀಕರ ಫೋನಿನಲ್ಲೇ ನೋಡಿ. ಹಳೆಯ ಸರ್ವರ್‌ನ ಪ್ರತಿಯನ್ನು ಇನ್ನೂ ಏಳು ದಿನ ಹಾಗೇ ಬಿಡಿ.