ಗೇಮಿಂಗ್ ಪಿಸಿಯಲ್ಲಿ ಲೈವ್ ತಡವರಿಸುತ್ತಿದೆಯಾ? ಕಾರ್ಡ್ ಕೊಳ್ಳುವ ಮೊದಲು ಇದನ್ನು ನೋಡಿ

ಬರೀ ಆಟ ಆಡುವಾಗ ಎಲ್ಲ ಸರಿ ಇರುತ್ತದೆ. ಅದನ್ನೇ ಯೂಟ್ಯೂಬ್‌ನಲ್ಲೋ ಟ್ವಿಚ್‌ನಲ್ಲೋ ಲೈವ್ ತೋರಿಸಲು ಶುರು ಮಾಡಿದ ಕೂಡಲೇ ಫ್ಯಾನ್ ಬೊಬ್ಬೆ ಹೊಡೆಯುತ್ತದೆ. ನೋಡುವವರು ‘ವಿಡಿಯೊ ನಿಂತು ನಿಂತು ಬರ್ತಿದೆ’ ಎಂದು ಚಾಟ್‌ನಲ್ಲಿ ಬರೆಯತೊಡಗುತ್ತಾರೆ. ಕಡಿಮೆ ಬೆಲೆಯ ರೆಡಿಮೇಡ್ ಗೇಮಿಂಗ್ ಪಿಸಿ ಇಟ್ಟುಕೊಂಡವರಿಗೆ ಇದು ಗೊತ್ತಿದ್ದದ್ದೇ. ತಕ್ಷಣ ಹೊಳೆಯುವ ಉಪಾಯ ಹೊಸ ಗ್ರಾಫಿಕ್ಸ್ ಕಾರ್ಡ್. ನಾನೂ ಅದನ್ನೇ ಮಾಡಿದ್ದೆ. ಕಾರ್ಡ್ ಬಂತು, ಕೂರಿಸಿದೆ, ಲೈವ್ ಮತ್ತೆ ಹಾಗೇ ತಡವರಿಸಿತು. ಪಕ್ಕದ ಕೋಣೆಯಿಂದ ಬರುತ್ತಿದ್ದ ವೈಫೈ ಇದಕ್ಕೆಲ್ಲ ಕಾರಣ ಎಂದು ತಿಳಿಯುವಷ್ಟರಲ್ಲಿ ದುಡ್ಡು ಹೋಗಿತ್ತು. ಹಾಗಾಗಿ ಸ್ಕ್ರೂಡ್ರೈವರ್ ಸ್ವಲ್ಪ ಪಕ್ಕಕ್ಕಿಡಿ.

ಮೊದಲು ಮೂರು ಅಂಕಿ ನೋಡಿ

ಲೈವ್‌ಗೆ ಹೆಚ್ಚಿನವರು ಬಳಸುವುದು ಒಬಿಎಸ್ ಸ್ಟುಡಿಯೊ. ಉಚಿತ ತಂತ್ರಾಂಶ. ಅದರಲ್ಲಿ ‘ಸ್ಟ್ಯಾಟ್ಸ್’ ಎಂಬ ಕಿಟಕಿ ಇದೆ, ಡಾಕ್ಸ್ ಮೆನುವಿನಿಂದ ತೆರೆಯಬಹುದು. ಲೈವ್ ಮಾಡುತ್ತಲೇ ಅದರ ಮೂರು ಸಾಲುಗಳ ಮೇಲೆ ಕಣ್ಣಿಡಿ. ‘ರೆಂಡರಿಂಗ್ ಲ್ಯಾಗ್’ ಏರುತ್ತಿದ್ದರೆ ಗ್ರಾಫಿಕ್ಸ್ ಕಾರ್ಡ್‌ಗೆ ಉಸಿರಾಡಲು ಬಿಡುವಿಲ್ಲ. ‘ಎನ್‌ಕೋಡಿಂಗ್ ಲ್ಯಾಗ್’ ಏರುತ್ತಿದ್ದರೆ ಚಿತ್ರವನ್ನು ಕುಗ್ಗಿಸಿ ಕಳಿಸುವ ಕೆಲಸ ಹಿಂದೆ ಬಿದ್ದಿದೆ. ‘ಡ್ರಾಪ್ಡ್ ಫ್ರೇಮ್ಸ್’ ಏರುತ್ತಿದ್ದರೆ ತೊಂದರೆ ಇಂಟರ್‌ನೆಟ್‌ನದು, ಪಿಸಿಗೆ ಏನು ಹಾಕಿದರೂ ಪ್ರಯೋಜನವಿಲ್ಲ.

ಮೂರನೆಯದಕ್ಕೆ ಮದ್ದು ಸುಲಭ. ರೌಟರ್‌ನಿಂದ ಪಿಸಿಗೆ ನೇರವಾಗಿ ಲ್ಯಾನ್ ಕೇಬಲ್ ಎಳೆಯಿರಿ. ಸ್ಪೀಡ್ ಟೆಸ್ಟ್‌ನಲ್ಲಿ ಡೌನ್‌ಲೋಡ್ ಬಿಡಿ, ಅಪ್‌ಲೋಡ್ ನೋಡಿ. ಟ್ವಿಚ್‌ನಲ್ಲಿ 1080ಪಿ, ಸೆಕೆಂಡಿಗೆ 60 ಫ್ರೇಮ್‌ಗೆ ಸಾಮಾನ್ಯವಾಗಿ ಇಡುವ ಬಿಟ್‌ರೇಟ್ (ಸೆಕೆಂಡಿಗೆ ಕಳಿಸುವ ಮಾಹಿತಿಯ ಅಳತೆ) 6000 ಕೆಬಿಪಿಎಸ್, ಅಂದರೆ 6 ಎಂಬಿಪಿಎಸ್. ನಿಮ್ಮ ಅಪ್‌ಲೋಡ್ 10 ಎಂಬಿಪಿಎಸ್ ಇದ್ದರೆ ನೆಮ್ಮದಿ, 6ರ ಆಸುಪಾಸಿನಲ್ಲೇ ಇದ್ದರೆ ಬೇಡ. 720ಪಿಗೆ ಇಳಿದು ಬಿಟ್‌ರೇಟ್ 4500 ಇಟ್ಟುಕೊಳ್ಳಿ. ನಿಂತು ನಿಂತು ಬರುವ 1080ಪಿಗಿಂತ ಸಲೀಸಾಗಿ ಓಡುವ 720ಪಿಯೇ ಎಷ್ಟೋ ವಾಸಿ.

ದುಡ್ಡಿಲ್ಲದೆ ಆಗುವ ಅಪ್‌ಗ್ರೇಡ್

ಒಬಿಎಸ್ ಸೆಟ್ಟಿಂಗ್ಸ್‌ನ ಔಟ್‌ಪುಟ್ ಭಾಗದಲ್ಲಿ ಎನ್‌ಕೋಡರ್, ಅಂದರೆ ಚಿತ್ರ ಕುಗ್ಗಿಸುವ ಸಾಧನ, ಯಾವುದಿದೆ ನೋಡಿ. ಎಕ್ಸ್264 ಎಂದಿದ್ದರೆ ಆ ಕೆಲಸವನ್ನೆಲ್ಲ ಪ್ರೊಸೆಸರ್ ಮಾಡುತ್ತಿದೆ. ಅದೇ ಪ್ರೊಸೆಸರ್ ಆಟವನ್ನೂ ನಡೆಸಬೇಕು, ಪಾಪ. ಎನ್‌ವಿಡಿಯಾ ಕಾರ್ಡ್ ಇದ್ದರೆ ಎನ್‌ವೆಂಕ್ ಎಂಬ ಅದರದೇ ಎನ್‌ಕೋಡರ್‌ಗೆ ಬದಲಿಸಿ. ಕಾರ್ಡ್‌ನೊಳಗೆ ಇದಕ್ಕೆಂದೇ ಬೇರೆ ಭಾಗ ಇರುವುದರಿಂದ ಆಟದ ವೇಗ ಹೆಚ್ಚೇನೂ ಕುಸಿಯುವುದಿಲ್ಲ. 2018ರಲ್ಲಿ ಬಂದ ಆರ್‌ಟಿಎಕ್ಸ್ 20 ಸರಣಿಯಿಂದ ಇದರ ಚಿತ್ರ ಚೆನ್ನಾಗಿ ಸುಧಾರಿಸಿದೆ.

ಅಗ್ಗದ ಪಿಸಿಗಳಲ್ಲಿ ಇಲ್ಲೊಂದು ತೊಡಕು ಇದೆ. ಎಎಂಡಿಯ ಆರ್‌ಎಕ್ಸ್ 6400 ಮತ್ತು 6500 ಎಕ್ಸ್‌ಟಿ ಕಾರ್ಡ್‌ಗಳಲ್ಲಿ ವಿಡಿಯೊ ಎನ್‌ಕೋಡರ್ ಇಲ್ಲವೇ ಇಲ್ಲ. ಎನ್‌ವಿಡಿಯಾ ಜಿಟಿ 1030ರ ಕಥೆಯೂ ಅಷ್ಟೇ. ಆಗ ಇಂಟೆಲ್ ಪ್ರೊಸೆಸರ್‌ನ ಕ್ವಿಕ್ ಸಿಂಕ್ ಎಂಬ ಎನ್‌ಕೋಡರ್ ಕೈ ಹಿಡಿಯಬಹುದು. ಆದರೆ ಪ್ರೊಸೆಸರ್ ಹೆಸರಿನ ಕೊನೆಗೆ ‘ಎಫ್’ ಇದ್ದರೆ ಅದೂ ಇರುವುದಿಲ್ಲ. ಹೊಸ ಕಾರ್ಡ್ ಬೇಕು ಎನ್ನಲು ಇದು ನಿಜವಾದ ಕಾರಣ.

ರೆಂಡರಿಂಗ್ ಲ್ಯಾಗ್ ಇದ್ದವರು ಆಟದ ಫ್ರೇಮ್ ರೇಟ್‌ಗೆ ಮಿತಿ ಹಾಕಿ. ಮಿತಿ ಇಲ್ಲದ ಆಟ ಕಾರ್ಡನ್ನು ಪೂರ್ತಿ ನುಂಗುತ್ತದೆ, ಒಬಿಎಸ್‌ಗೆ ಏನೂ ಉಳಿಯುವುದಿಲ್ಲ. ಒಬಿಎಸ್ ಐಕಾನ್ ಮೇಲೆ ರೈಟ್ ಕ್ಲಿಕ್ ಮಾಡಿ ಅಡ್ಮಿನಿಸ್ಟ್ರೇಟರ್ ಆಗಿ ತೆರೆದರೂ ಗುಣ ಕಾಣುತ್ತದೆ.

ಈಗ ಡಬ್ಬಿ ಬಿಚ್ಚೋಣ

ನನ್ನ ಲೆಕ್ಕದಲ್ಲಿ ದುಡ್ಡು ಹಾಕಬೇಕಾದ ಮೊದಲ ಜಾಗ ರ‍್ಯಾಮ್. ಟಾಸ್ಕ್ ಮ್ಯಾನೇಜರ್‌ನಲ್ಲಿ ಪರ್ಫಾರ್ಮೆನ್ಸ್, ಆಮೇಲೆ ಮೆಮೊರಿ ಒತ್ತಿ. ಎಷ್ಟು ಸ್ಲಾಟ್ ಬಳಕೆಯಲ್ಲಿದೆ ಎಂದು ಅಲ್ಲೇ ಇರುತ್ತದೆ. ಅಗ್ಗದ ಪಿಸಿಗಳಿಗೆ 8 ಜಿಬಿಯ ಒಂದೇ ಸ್ಟಿಕ್ ಹಾಕಿ ಕಳಿಸುವುದು ಜಾಸ್ತಿ. ಆಟ, ಒಬಿಎಸ್, ಬ್ರೌಸರ್, ಚಾಟ್ ಎಲ್ಲ ಸೇರಿದರೆ ಅದು ಸಾಲುವುದಿಲ್ಲ. ಅದೇ ಜಾತಿಯ, ಅದೇ ವೇಗದ ಇನ್ನೊಂದು 8 ಜಿಬಿ ಸೇರಿಸಿದರೆ ಜಾಗವೂ ಹೆಚ್ಚುತ್ತದೆ, ಎರಡೂ ಜೊತೆಯಾಗಿ ಕೆಲಸ ಮಾಡಿ ವೇಗವೂ ಹೆಚ್ಚುತ್ತದೆ. ಡಿಡಿಆರ್4 ಮತ್ತು ಡಿಡಿಆರ್5 ಬೇರೆ ಬೇರೆ ಜಾತಿ, ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ, ನೋಡಿಕೊಂಡು ತನ್ನಿ.

ಪ್ಲಗ್ ಕಿತ್ತು, ಪವರ್ ಬಟನ್ ಕೆಲವು ಸೆಕೆಂಡ್ ಒತ್ತಿ ಹಿಡಿಯಿರಿ. ಉಳಿದ ಕರೆಂಟ್ ಹೋಗಲಿ. ಬಣ್ಣವಿಲ್ಲದ ಲೋಹದ ಭಾಗವೊಂದನ್ನು ಮುಟ್ಟಿ, ಮೈಯ ಸ್ಟ್ಯಾಟಿಕ್ ಇಳಿಯುತ್ತದೆ. ನಾಲ್ಕು ಸ್ಲಾಟ್ ಇದ್ದರೆ ಎರಡು ಸ್ಟಿಕ್‌ಗಳು ಸಾಮಾನ್ಯವಾಗಿ ಪ್ರೊಸೆಸರ್ ಕಡೆಯಿಂದ ಎರಡನೆಯದು ಮತ್ತು ನಾಲ್ಕನೆಯದರಲ್ಲಿ ಕೂರಬೇಕು. ಸ್ಟಿಕ್‌ನ ಕಚ್ಚು ಸ್ಲಾಟ್‌ನ ಗುಬುಟಿಗೆ ಸರಿಹೊಂದಲಿ. ಎರಡೂ ತುದಿಯನ್ನು ಹೆಬ್ಬೆರಳಿನಿಂದ ಒತ್ತಿ. ‘ಟಿಕ್’ ಸದ್ದು ಬರಲೇಬೇಕು. ಮೊದಲ ಸಲ ಇಷ್ಟು ಬಲ ಹಾಕಬೇಕಾ ಎಂದು ಭಯವಾಗುತ್ತದೆ. ಹಾಕಬೇಕು. ಡಿಡಿಆರ್5 ಆದರೆ ಮೊದಲ ಸಲ ಆನ್ ಮಾಡಿದಾಗ ಸ್ಕ್ರೀನ್ ಒಂದೆರಡು ನಿಮಿಷ ಕಪ್ಪಗೇ ಇರಬಹುದು. ಗಾಬರಿಯಾಗಿ ಆಫ್ ಮಾಡಬೇಡಿ, ಅದು ಹೊಸ ಮೆಮೊರಿಗೆ ಹೊಂದಿಕೊಳ್ಳುತ್ತಿರುತ್ತದೆ. ಬಳಿಕ ಬಯೋಸ್‌ನಲ್ಲಿ (ಪಿಸಿ ಆನ್ ಆಗುವಾಗ ತೆರೆಯಬಹುದಾದ ಸೆಟ್ಟಿಂಗ್ಸ್ ಪರದೆ) ಎಕ್ಸ್‌ಎಂಪಿ ಅಥವಾ ಎಕ್ಸ್‌ಪೊ ಎಂಬ ಮೆಮೊರಿ ವೇಗದ ಸೆಟ್ಟಿಂಗ್ ಆನ್ ಮಾಡಿ. ಇಲ್ಲದಿದ್ದರೆ ರ‍್ಯಾಮ್ ಪೆಟ್ಟಿಗೆ ಮೇಲೆ ಬರೆದ ವೇಗದಲ್ಲಿ ಓಡದೆ ಇರಬಹುದು.

ಡಬ್ಬಿ ತೆರೆದಿರುವಾಗಲೇ ಧೂಳು ತೆಗೆಯಿರಿ. ಮುಂದಿನ ಫ್ಯಾನ್ ಗಾಳಿ ಎಳೆಯಬೇಕು, ಹಿಂದಿನದು ಹೊರಗೆ ಬಿಡಬೇಕು. ಹಿಂದೆ ಫ್ಯಾನೇ ಇಲ್ಲದಿದ್ದರೆ ಒಂದು ಹಾಕಿ.

ಕಾರ್ಡ್ ಬದಲಿಸಲೇಬೇಕು ಎಂದಾದರೆ ಮೊದಲು ಪವರ್ ಸಪ್ಲೈ ಮೇಲಿನ ಸ್ಟಿಕರ್ ಓದಿ. ಎಷ್ಟು ವಾಟ್, ಕಾರ್ಡ್‌ಗೆ ಬೇಕಾದ ಕನೆಕ್ಟರ್ ಇದೆಯೇ ನೋಡಿ. ಡಬ್ಬಿಯೊಳಗೆ ಕಾರ್ಡ್‌ನ ಉದ್ದ ಹಿಡಿಸುತ್ತದೆಯೇ ಎಂದು ಟೇಪ್ ಹಿಡಿದು ಅಳೆಯಿರಿ. ಕೆಲವು ರೆಡಿಮೇಡ್ ಪಿಸಿಗಳ ಪವರ್ ಸಪ್ಲೈ, ಮದರ್‌ಬೋರ್ಡ್ ಎರಡಕ್ಕೂ ಕಂಪನಿಯದೇ ಬೇರೆ ಕನೆಕ್ಟರ್ ಇರುತ್ತದೆ. ಅಲ್ಲಿ ಮಾಮೂಲಿ ಪವರ್ ಸಪ್ಲೈ ಕೂರುವುದಿಲ್ಲ. ಪವರ್ ಸಪ್ಲೈ ಬದಲಿಸಿದರೆ ಹಳೆಯದರ ಕೇಬಲ್‌ಗಳನ್ನು ಹೊಸದಕ್ಕೆ ಚುಚ್ಚಬೇಡಿ. ತುದಿ ಒಂದೇ ಥರ ಕಂಡರೂ ಒಳಗಿನ ತಂತಿಗಳ ಸಾಲು ಬೇರೆ ಇರಬಹುದು, ಬೋರ್ಡ್ ಸುಟ್ಟುಹೋಗಬಹುದು. ಕಾರ್ಡ್ ಹಾಕಿದ ಮೇಲೆ ಮಾನಿಟರ್ ಕೇಬಲ್ ಕಾರ್ಡ್‌ಗೇ ಚುಚ್ಚಿ. ಮದರ್‌ಬೋರ್ಡ್‌ಗೆ ಚುಚ್ಚಿ ‘ಏನೂ ಬದಲಾಗಿಲ್ಲ’ ಎಂದು ಕೊರಗುವವರು ಕಡಿಮೆಯೇನಿಲ್ಲ!

ಲೈವ್ ಅನ್ನು ರೆಕಾರ್ಡ್ ಕೂಡ ಮಾಡುವವರು 6000 ಬಿಟ್‌ರೇಟ್‌ಗೆ ಗಂಟೆಗೆ ಸುಮಾರು 2.7 ಜಿಬಿ ಎಂದು ಲೆಕ್ಕ ಇಟ್ಟುಕೊಳ್ಳಿ. ಆಟಕ್ಕೆ ಎಸ್‌ಎಸ್‌ಡಿ ಇರಲಿ, ರೆಕಾರ್ಡಿಂಗ್‌ಗೆ ಹಳೆಯ ಹಾರ್ಡ್ ಡಿಸ್ಕ್ ಸಾಕು. ಫೈಲ್ ಎಂಕೆವಿ ರೂಪದಲ್ಲಿರಲಿ. ಮಧ್ಯೆ ಕರೆಂಟ್ ಹೋದರೂ ಅಲ್ಲಿಯವರೆಗಿನದು ಉಳಿಯುತ್ತದೆ.

ಎಲ್ಲ ಆದ ಮೇಲೆ ಯೂಟ್ಯೂಬ್‌ನಲ್ಲಿ ಪ್ರೈವೇಟ್ ಲೈವ್ ಒಂದನ್ನು ಅರ್ಧ ಗಂಟೆ ಓಡಿಸಿ. ಆಟದಲ್ಲಿ ತುಂಬಾ ಗದ್ದಲ ಇರುವ ಜಾಗಕ್ಕೇ ಹೋಗಿ. ಸ್ಟ್ಯಾಟ್ಸ್‌ನ ಮೂರೂ ಸಾಲು ಸೊನ್ನೆಯ ಹತ್ತಿರವೇ ನಿಂತಿದ್ದರೆ ಡಬ್ಬಿಯ ಮುಚ್ಚಳ ಹಾಕಿ ಸ್ಕ್ರೂ ಬಿಗಿ ಮಾಡಿ.