ಅಂದುಕೊಂಡ ಕೆಲಸ ಅರ್ಧಕ್ಕೆ ನಿಂತರೆ

ಬೆಳಗ್ಗೆ ದೀಪ ಹಚ್ಚುವಾಗ ಆ ದಿನದ ಕೆಲಸಗಳ ಚೀಟಿಯನ್ನೂ ದೇವರ ಮುಂದಿಡಿ. ಆಗಲೇಬೇಕಾದ ಒಂದೇ ಕೆಲಸದ ಕೆಳಗೆ ಗೆರೆ ಎಳೆಯಿರಿ. ಉಳಿದದ್ದು ಅವನಿಗೆ ಬಿಟ್ಟಿದ್ದು.

ನಮ್ಮ ಸಕಲೇಶಪುರದ ಕಡೆ ಇದು ಜಾಸ್ತಿ ಬೇಕಾಗುತ್ತದೆ. ಮಳೆಗಾಲದಲ್ಲಿ ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದರೆ ಮಂಗಳೂರು ದಾರಿಯೇ ಬಂದ್. ಕೊಯ್ಲಿನ ಹೊತ್ತಲ್ಲಿ ಅಕಾಲ ಮಳೆ ಬಂದರೆ ಕಣದಲ್ಲಿ ಹರಡಿದ ಕಾಫಿ ಗುಡ್ಡೆ ಮಾಡಿ ಟಾರ್ಪಾಲು ಮುಚ್ಚಬೇಕು. ಬೈದರೆ ಮಳೆ ನಿಲ್ಲುತ್ತಾ? ದೇವರ ಮೇಲೆ ಭಾರ ಹಾಕುವುದು ಅಂದರೆ ಸುಮ್ನೆ ಕೈಕಟ್ಟಿ ಕೂರುವುದಲ್ಲ ಅಲ್ವಾ? ಟಾರ್ಪಾಲು ಮೊದಲು, ಪ್ರಾರ್ಥನೆ ಆಮೇಲೆ, ಇದು ನನ್ನ ಲೆಕ್ಕ!

ಕೆಲಸ ನಿಂತ ತಕ್ಷಣ ಯಾರಿಗೂ ಫೋನ್ ಮಾಡಬೇಡಿ, ಸಿಟ್ಟಲ್ಲಿ ಮಾತು ಜಾರುತ್ತದೆ. ಮನೆದೇವರನ್ನು ನೆನೆದು ಒಂದು ಲೋಟ ಕಾಫಿ ಕುಡಿಯಿರಿ. ಆಮೇಲೆ ಗೆರೆ ಎಳೆದ ಕೆಲಸಕ್ಕೆ ಬೇರೆ ದಾರಿ ಹುಡುಕಿ. ಉಳಿದವರಿಗೆ ‘ನಾಳೆ ಬರ್ತೀನಿ’ ಅಂತ ಮೆಸೇಜ್ ಹಾಕಿಬಿಡಿ.