ಬ್ಯಾಂಕಾಕ್‌ಗೆ ಒಬ್ಬರೇ ಹೊರಟಿದ್ದೀರಾ? ಮೊದಲ ಮೂರು ದಿನ ಹೀಗೆ ಮಾಡಿ

ಬ್ಯಾಂಕಾಕ್‌ಗೆ ಮೊದಲ ಸಲ ಒಬ್ಬರೇ ಹೋಗುವವರಿಗೆ ನಾನು ಹೇಳುವುದು ಒಂದೇ ಮಾತು. ರಸ್ತೆಯನ್ನು ನಂಬಬೇಡಿ, ರೈಲನ್ನೂ ನದಿಯನ್ನೂ ನಂಬಿ. ಸಂಜೆ ಹೊತ್ತು ಸುಖುಮ್‌ವಿತ್ ರಸ್ತೆಯಲ್ಲಿ ಟ್ಯಾಕ್ಸಿ ಹತ್ತಿದರೆ ಪಕ್ಕದಲ್ಲಿ ನಡೆದು ಹೋಗುವವರೇ ಎಷ್ಟೋ ಸಲ ಮುಂಚೆ ತಲುಪುತ್ತಾರೆ. ರಸ್ತೆಗಿಂತ ಮೇಲೆ ಓಡುವ ಬಿಟಿಎಸ್ ರೈಲು, ಬಹುಪಾಲು ನೆಲದಡಿ ಓಡುವ ನೀಲಿ ಲೈನಿನ ಎಂಆರ್‌ಟಿ ಮೆಟ್ರೊ, ಚಾವೋ ಫ್ರಯಾ ನದಿಯ ದೋಣಿ, ಈ ಮೂರು ಅಭ್ಯಾಸವಾದರೆ ಈ ಊರಿನಲ್ಲಿ ಯಾರ ಹಂಗೂ ಬೇಡ.

ಹಾಗಾಗಿ ರೂಮು ನೋಡುವಾಗ ಮೊದಲು ನಕ್ಷೆ ತೆಗೆಯಿರಿ. ಸ್ಟೇಷನ್‌ನಿಂದ ಐದು ನಿಮಿಷದ ನಡಿಗೆಯಲ್ಲಿ ಇದೆಯಾ? ಫಯಾ ಥೈ, ಸಿಯಾಮ್, ಸಾಲಾ ಡೇಂಗ್, ಸಫಾನ್ ತಕ್ಸಿನ್ ಸುತ್ತಮುತ್ತ ಎಲ್ಲಿ ಸಿಕ್ಕಿದರೂ ಸರಿ. ಖಾವೋ ಸಾನ್ ರಸ್ತೆ ಬ್ಯಾಕ್‌ಪ್ಯಾಕರ್‌ಗಳಿಗೆ ತುಂಬಾ ಹೆಸರುವಾಸಿ, ರೂಮೂ ಅಗ್ಗ, ಆದರೆ ಅಲ್ಲಿ ಹತ್ತಿರದಲ್ಲಿ ರೈಲು ಸ್ಟೇಷನ್ ಇಲ್ಲ, ರಾತ್ರಿ ಪೂರ್ತಿ ಗದ್ದಲ ಬೇರೆ. ಮೊದಲ ಸಲಕ್ಕೆ ನಾನಂತೂ ಅದನ್ನು ಹೇಳುವುದಿಲ್ಲ. ಒಂದು ಸಂಜೆ ಹೋಗಿ ನೋಡಿ ಬಂದರೆ ಸಾಕು.

ಹೊರಡುವ ಮುಂಚೆ ಒಂದು ಕೆಲಸ ಮರೆಯಬೇಡಿ. 2025ರ ಮೇ 1ರಿಂದ ಥಾಯ್ಲೆಂಡ್‌ಗೆ ಹೋಗುವ ವಿದೇಶಿಯರೆಲ್ಲ ಡಿಜಿಟಲ್ ಅರೈವಲ್ ಕಾರ್ಡ್ ತುಂಬಬೇಕು. ತಲುಪುವ ದಿನಕ್ಕೆ ಮುಂಚಿನ 3 ದಿನಗಳೊಳಗೆ ಆನ್‌ಲೈನ್‌ನಲ್ಲಿ ತುಂಬಿದರೆ ಆಯಿತು. ಇದು ಪೂರ್ತಿ ಉಚಿತ, ಯಾರಾದರೂ ದುಡ್ಡು ಕೇಳಿದರೆ ಅದು ಸರ್ಕಾರದ ಜಾಲತಾಣ ಅಲ್ಲ ಅಂತಲೇ ತಿಳಿಯಿರಿ. ವೀಸಾ ನಿಯಮ ಆಗಾಗ ಬದಲಾಗುತ್ತದೆ, ಟಿಕೆಟ್ ತೆಗೆಯುವ ಮುನ್ನ ಥಾಯ್ ರಾಯಭಾರ ಕಚೇರಿಯ ಜಾಲತಾಣ ನೋಡಿ.

ಸುವರ್ಣಭೂಮಿ ವಿಮಾನ ನಿಲ್ದಾಣದಲ್ಲಿ ಇಳಿದ ಮೇಲೆ ಸಿಮ್ ಅಲ್ಲೇ ತೆಗೆದುಕೊಳ್ಳಿ. ದುಡ್ಡು ಬದಲಾಯಿಸಲು ಬ್ಯಾಗ್ ತೆಗೆದುಕೊಳ್ಳುವ ಜಾಗದ ಕೌಂಟರ್‌ಗೆ ನುಗ್ಗಬೇಡಿ. ಕೆಳಗೆ ಬೇಸ್‌ಮೆಂಟ್‌ನಲ್ಲಿ, ಏರ್‌ಪೋರ್ಟ್ ರೈಲ್ ಲಿಂಕ್ ಹತ್ತಿರ ಇರುವ ಕೌಂಟರ್‌ಗಳಲ್ಲಿ ಜಾಸ್ತಿ ಬಾತ್ (ಥಾಯ್ ಹಣ) ಸಿಗುತ್ತವೆ. ಅಲ್ಲಿಂದಲೇ ರೈಲು ಹತ್ತಿದರೆ ಸುಮಾರು ಅರ್ಧ ಗಂಟೆಯಲ್ಲಿ ಫಯಾ ಥೈ ಸೇರುತ್ತೀರಿ, ಅಲ್ಲಿ ಬಿಟಿಎಸ್ ಸಿಗುತ್ತದೆ. ನಡುರಾತ್ರಿ ಇಳಿದರೆ ಮಾತ್ರ ಟ್ಯಾಕ್ಸಿ. ಅದೂ ಒಳಗೆ ಬಂದು ಕರೆಯುವವರ ಜೊತೆ ಬೇಡ, ಸಾಲಿನಲ್ಲಿ ನಿಂತು ಚೀಟಿ ತೆಗೆದುಕೊಂಡು, ಮೀಟರ್ ಹಾಕಿಸಿ ಹೋಗಿ. ಮೀಟರ್ ಮೇಲೆ 50 ಬಾತ್ ವಿಮಾನ ನಿಲ್ದಾಣದ ಶುಲ್ಕ ಮತ್ತು ಟೋಲ್ ನೀವೇ ಕೊಡಬೇಕು, ಅದು ಮೋಸ ಅಲ್ಲ. ಹೋಟೆಲಿನ ಹೆಸರು, ವಿಳಾಸ ಥಾಯ್ ಲಿಪಿಯಲ್ಲಿರುವ ಒಂದು ಸ್ಕ್ರೀನ್‌ಶಾಟ್ ಫೋನಿನಲ್ಲಿ ಇರಲಿ.

ಮೊದಲ ದಿನ ದೊಡ್ಡದೇನನ್ನೂ ಇಟ್ಟುಕೊಳ್ಳಬೇಡಿ. ಸೆಕೆ ಮೈ ಹಿಂಡುತ್ತದೆ, ನಿದ್ದೆಯೂ ಆಗಿರುವುದಿಲ್ಲ. ಮಧ್ಯಾಹ್ನ ಮಲಗಿ, ಸಂಜೆ ಲುಂಪಿನಿ ಪಾರ್ಕ್‌ಗೆ ಹೋಗಿ. ಕೆರೆ ದಡದಲ್ಲಿ ದೊಡ್ಡ ದೊಡ್ಡ ಉಡಗಳು ಆರಾಮಾಗಿ ಓಡಾಡುತ್ತಿರುತ್ತವೆ, ಅವುಗಳ ಪಾಡಿಗೆ ಬಿಟ್ಟರೆ ಏನೂ ಮಾಡುವುದಿಲ್ಲ. ಸರಿಯಾಗಿ 6 ಗಂಟೆಗೆ ರಾಷ್ಟ್ರಗೀತೆ ಬರುತ್ತದೆ, ಓಡುತ್ತಿದ್ದವರೂ ನಿಂತುಬಿಡುತ್ತಾರೆ. ನೀವೂ ನಿಲ್ಲಿ. ಬೆಳಿಗ್ಗೆ 8ಕ್ಕೂ ಹೀಗೇ. ರಾಜಮನೆತನದ ಬಗ್ಗೆ ಹಗುರ ಮಾತು, ತಮಾಷೆ ಯಾವುದೂ ಬೇಡ. ಅಲ್ಲಿ ಅದಕ್ಕೆ ಜೈಲು ಶಿಕ್ಷೆ ಇದೆ.

ಎರಡನೇ ದಿನ ನದಿಗೆ. ಬಿಟಿಎಸ್‌ನಲ್ಲಿ ಸಫಾನ್ ತಕ್ಸಿನ್‌ಗೆ ಹೋದರೆ ಕೆಳಗೇ ಸಾಥೋರ್ನ್ ದೋಣಿ ನಿಲ್ದಾಣ. ಪ್ರವಾಸಿ ದೋಣಿಯ ಟಿಕೆಟ್ ಮಾರುವವರು ಕೂಗಿ ಕರೆಯುತ್ತಾರೆ, ಆದರೆ ಊರಿನ ಜನ ಹತ್ತುವ ಕಿತ್ತಳೆ ಬಾವುಟದ ದೋಣಿಗೆ ಅದಕ್ಕಿಂತ ತುಂಬಾ ಕಡಿಮೆ ದುಡ್ಡು. ಅದರಲ್ಲಿ ಥಾ ಚಾಂಗ್‌ನಲ್ಲಿ ಇಳಿದರೆ ಗ್ರ್ಯಾಂಡ್ ಪ್ಯಾಲೇಸ್. ಬಾಗಿಲು ತೆಗೆಯುವುದು 8.30ಕ್ಕೆ, ಆ ಹೊತ್ತಿಗೇ ಅಲ್ಲಿರಿ, ಹತ್ತು ಗಂಟೆ ಮೇಲೆ ಬಿಸಿಲೂ ಗುಂಪೂ ಎರಡೂ ತಡೆಯಲಾಗುವುದಿಲ್ಲ. ಭುಜ, ಮಂಡಿ ಮುಚ್ಚುವ ಬಟ್ಟೆ ಬೇಕೇ ಬೇಕು. ಟಿಕೆಟ್ 500 ಬಾತ್, ಜಾಸ್ತಿ ಅನ್ನಿಸಬಹುದು. ಆದರೆ ಒಳಗಿನ ವಾಟ್ ಫ್ರಾ ಕೇವ್ ದೇವಸ್ಥಾನದ ಪ್ರಾಂಗಣದ ಗೋಡೆ ಸುತ್ತ ರಾಮಾಯಣದ ಥಾಯ್ ರೂಪವಾದ ರಾಮಕಿಯನ್‌ನ 178 ಚಿತ್ರಗಳಿವೆ. ನಮಗೆ ಗೊತ್ತಿರುವ ಕಥೆ, ಆದರೆ ಹನುಮಂತ ಬೇರೆಯೇ. ಇಲ್ಲಿ ಅವನು ಬೆಳ್ಳಗಿದ್ದಾನೆ, ಬ್ರಹ್ಮಚಾರಿಯೂ ಅಲ್ಲ! ಜನ ಅಲ್ಲಿನ ಪಚ್ಚೆ ಬುದ್ಧನ ಮೂರ್ತಿಯನ್ನಷ್ಟೇ ನೋಡಿ ಹೊರಟುಬಿಡುತ್ತಾರೆ, ನೀವು ಒಬ್ಬರೇ ಇದ್ದೀರಿ, ಅವಸರ ಮಾಡುವವರು ಯಾರೂ ಇಲ್ಲ, ಒಂದೊಂದೇ ಚಿತ್ರದ ಮುಂದೆ ಬೇಕಾದಷ್ಟು ಹೊತ್ತು ನಿಲ್ಲಿ. ಒಬ್ಬರೇ ಹೋಗುವುದರ ದೊಡ್ಡ ಲಾಭ ಇದೇ ಅಲ್ವಾ?

ಅರಮನೆ ಹೊರಗೆ ನೀಟಾಗಿ ಡ್ರೆಸ್ ಮಾಡಿದವರೊಬ್ಬರು ಬಂದು, "ಇವತ್ತು ಅರಮನೆ ಮುಚ್ಚಿದೆ, ಬೇರೆ ದೇವಸ್ಥಾನ ತೋರಿಸುತ್ತೇನೆ, ಟುಕ್‌ಟುಕ್ ಬರೀ 20 ಬಾತ್" ಅಂದರೆ ನಗುತ್ತಾ ಮುಂದೆ ನಡೆಯಿರಿ. ಆ ಟುಕ್‌ಟುಕ್ ಕೊನೆಗೆ ನಿಲ್ಲುವುದು ಹರಳಿನ ಅಂಗಡಿ ಅಥವಾ ಟೈಲರ್ ಅಂಗಡಿ ಮುಂದೆ. ತುಂಬಾ ಹಳೇ ಮೋಸ, ಇನ್ನೂ ನಡೆಯುತ್ತಿದೆ. ಮುಚ್ಚಿದೆಯೋ ಇಲ್ಲವೋ ಗೇಟ್‌ವರೆಗೆ ಹೋಗಿಯೇ ನೋಡಿ. ಆಮೇಲೆ ನಡೆದು ವಾಟ್ ಫೋ ದೇವಸ್ಥಾನ, ಅಲ್ಲಿ 46 ಮೀಟರ್ ಉದ್ದದ ಮಲಗಿದ ಬುದ್ಧ. ಪಕ್ಕದ ಥಾ ತಿಯೆನ್ ದೋಣಿ ನಿಲ್ದಾಣದಿಂದ ಚಿಕ್ಕ ದೋಣಿಯಲ್ಲಿ ನದಿ ದಾಟಿದರೆ ವಾಟ್ ಅರುಣ್ ದೇವಸ್ಥಾನ. ಬುದ್ಧನ ಕಡೆ ಕಾಲು ಚಾಚಿ ಕೂರಬೇಡಿ. ಹೆಂಗಸರು ಭಿಕ್ಷುಗಳನ್ನು ಮುಟ್ಟಬಾರದು.

ಊಟದ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಸಸ್ಯಾಹಾರಿಗಳು ಬರೀ "ವೆಜ್" ಅಂದರೆ ಸಾಲದು, ತರಕಾರಿ ಪಲ್ಯಕ್ಕೂ ಮೀನಿನ ಸಾಸ್ ಬೀಳುತ್ತದೆ, ಪಪ್ಪಾಯಿ ಸಲಾಡ್‌ಗೆ ಒಣ ಸಿಗಡಿ ಹಾಕುತ್ತಾರೆ. "ಕಿನ್ ಜೇ" ಅನ್ನಿ, ಅಪ್ಪಟ ಸಸ್ಯಾಹಾರ ತಿನ್ನುತ್ತೇನೆ ಅಂತ ಅರ್ಥ. ಹಳದಿ ಬಾವುಟದ ಮೇಲೆ ಕೆಂಪು ಅಕ್ಷರ ಇರುವ ಅಂಗಡಿ ಕಂಡರೆ ಒಳಗೆ ಹೋಗಿ, ಅಲ್ಲಿ ಮಾಂಸ, ಮೀನು, ಮೊಟ್ಟೆ ಏನೂ ಇಲ್ಲ, ಬೆಳ್ಳುಳ್ಳಿ ಈರುಳ್ಳಿ ಕೂಡ ಇಲ್ಲ. ಎಲ್ಲ ತಿನ್ನುವವರಿಗೆ ಯಾವ ತಳ್ಳುಗಾಡಿ ಒಳ್ಳೆಯದು ಅಂತ ಕೇಳಿದರೆ, ಊರಿನವರು ಸಾಲು ನಿಂತಿರುವುದೇ ಒಳ್ಳೆಯದು. ಒಬ್ಬರೇ ಕೂತು ತಿನ್ನುವುದು ಅಲ್ಲಿ ಮಾಮೂಲು. ಮೇಜಿನಲ್ಲಿ ಒಂದು ಕುರ್ಚಿ ಖಾಲಿ ಇದ್ದರೆ ಕೈ ತೋರಿಸಿ ಕೇಳಿ ಕೂತುಬಿಡಿ.

ಮೂರನೇ ದಿನ ಶನಿವಾರ ಅಥವಾ ಭಾನುವಾರ ಆಗಿದ್ದರೆ ಬೆಳಿಗ್ಗೆಯೇ ಚತುಚಕ್ ಸಂತೆ, ಬಿಟಿಎಸ್‌ನಲ್ಲಿ ಮೋ ಚಿತ್‌ಗೆ ಹೋಗಿ. ಇಷ್ಟವಾದದ್ದು ಕಂಡರೆ ಅಲ್ಲೇ ಕೊಳ್ಳಿ, ಆ ಅಂಗಡಿ ಮತ್ತೆ ಸಿಗುವುದು ಕಷ್ಟ. ಸಂಜೆ ಎಂಆರ್‌ಟಿಯಲ್ಲಿ ವಾಟ್ ಮಂಗ್‌ಕೊನ್‌ನಲ್ಲಿ ಇಳಿದರೆ ಚೀನೀಯರ ಬೀದಿ ಯಾವೊರಾತ್, ಕತ್ತಲಾದ ಮೇಲೆ ಅದಕ್ಕೆ ಕಳೆ. ಎಂಆರ್‌ಟಿ, ಬಿಟಿಎಸ್ ಎರಡೂ ನಡುರಾತ್ರಿ ಹೊತ್ತಿಗೆ ನಿಲ್ಲುತ್ತವೆ. ತಡವಾದರೆ ಗ್ರ್ಯಾಬ್ ಆ್ಯಪ್‌ನಲ್ಲಿ ಗಾಡಿ ಕರೆಯಿರಿ, ಗಾಡಿ ನಂಬರ್ ಮನೆಯವರಿಗೆ ಕಳಿಸಿ. ಏನಾದರೂ ತೊಂದರೆಯಾದರೆ ಪ್ರವಾಸಿ ಪೊಲೀಸ್ 1155, ಇಂಗ್ಲಿಷ್‌ನಲ್ಲಿ ಮಾತಾಡುತ್ತಾರೆ. ಆ ನಂಬರನ್ನು ಊರಿನಿಂದ ಹೊರಡುವ ಮುಂಚೆಯೇ ಫೋನಿನಲ್ಲಿ ಸೇವ್ ಮಾಡಿಕೊಳ್ಳಿ.